ಗಂಬೂಟಿಗೆ ದುಡ್ಡು ಕೊಡಿ, ಹಾವು ಕಡಿತದ ಕಿಟ್ಟಿಗೆ ಬೇಡ: ತುಮಕೂರು ಕಡೆಯ ತೋಟದವರಿಗೆ ಖರೀದಿ ವಿಮರ್ಶೆ

ಹಾವು ಕಡಿತ, ಇಲಿ ಜ್ವರ ಎರಡರ ಬೇರೂ ಒಂದೇ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ, ಇಲಿಯ ಉಚ್ಚೆ ಬೆರೆತ ನೀರಿನಿಂದ ಜ್ವರ ಬರುತ್ತದೆ. ಎರಡೂ ಹೆಚ್ಚಾಗಿ ತಗಲುವ ಜಾಗವೂ ಒಂದೇ: ಮಂಡಿಯಿಂದ ಕೆಳಗಿನ ಕಾಲು. ಹಾಗಾಗಿ ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ತೆಂಗು ಅಡಿಕೆ ನೋಡಿಕೊಳ್ಳುವವರು, ಪಾವಗಡ ಶಿರಾದಲ್ಲಿ ಶೇಂಗಾ ಕೀಳುವವರು, ಕೆರೆ ಹಿಂದಿನ ಗದ್ದೆಯಲ್ಲಿ ನಾಟಿ ಮಾಡುವವರು ಮಳೆಗಾಲಕ್ಕೆ ಮುಂಚೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ನೋಡೋಣ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಅನ್ನುವುದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜು. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇ ತಿಂಗಳಲ್ಲೇ ಖರೀದಿ ಮುಗಿಸಬೇಕು ಅನ್ನುವುದಕ್ಕೆ ಇದೇ ಕಾರಣ.

ಮೊದಲು ಗಂಬೂಟು. ಮಂಡಿಪೇಟೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಸಿಗುವ ಸಾಮಾನ್ಯ ಕಪ್ಪು ಗಂಬೂಟು ಪಿವಿಸಿಯದು, ರಬ್ಬರಿನದಲ್ಲ. ಬೆಲೆ ಸುಮಾರು 400ರಿಂದ 700 ರೂಪಾಯಿ. ಎತ್ತರ ಬೇರೆಬೇರೆ ಇರುತ್ತದೆ. ಪಾದದ ಗಿಣ್ಣಿನ ಮೇಲೆ ನಾಲ್ಕು ಬೆರಳು ಬರುವ ಗಿಡ್ಡ ಬೂಟು ಕಾರ್ಖಾನೆಗೆ ಸರಿ, ತೋಟಕ್ಕೆ ಅಲ್ಲ. ಮೀನಖಂಡ ಪೂರ್ತಿ ಮುಚ್ಚಿ ಮಂಡಿಯಿಂದ ನಾಲ್ಕೈದು ಬೆರಳು ಕೆಳಗೆ ನಿಲ್ಲುವಂಥದ್ದು, ಅಂದರೆ 13 ಇಂಚಿನಿಂದ 15 ಇಂಚಿನದು ಬೇಕು. ಕೊಳಕುಮಂಡಲ ನೆಲದಿಂದ ಮೇಲೆದ್ದು ಬಲವಾಗಿ ಹೊಡೆಯುವ ಹಾವು. ಗಿಡ್ಡ ಬೂಟಿನ ಅಂಚಿನ ಮೇಲೆ ಹೊಡೆದರೆ ಬೂಟು ಹಾಕಿಯೂ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಮೂರು ಪರೀಕ್ಷೆ ಮಾಡಿ. ಗಿಣ್ಣಿನ ಹತ್ತಿರ ಬೂಟನ್ನು ಎರಡು ಕೈಯಲ್ಲಿ ಹಿಡಿದು ಪೂರ್ತಿ ಮಡಚಿ, ಮಡಿಕೆಯಲ್ಲಿ ಬಿಳಿ ಗೆರೆ ಮೂಡಿದರೆ ಅದರಲ್ಲಿ ಪ್ಲಾಸ್ಟಿಕ್‌ಗಿಂತ ಬೆರಕೆ ಪುಡಿಯೇ ಜಾಸ್ತಿ ಎಂದು ತಿಳಿಯಿರಿ. ಅಂಥ ಬೂಟು ಒಂದೇ ಬೇಸಿಗೆಗೆ ಅಲ್ಲೇ ಸೀಳುತ್ತದೆ. ಮೀನಖಂಡದ ಹತ್ತಿರ ಗೋಡೆಯನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಬೆರಳಿನ ಗುರುತು ಒಳಗಿನಿಂದ ಎದ್ದು ಕಾಣುವಷ್ಟು ತೆಳ್ಳಗಿದ್ದರೆ ಬೇಡ. ಆಮೇಲೆ ಕಾಲಿಗೆ ಹಾಕಿ ಕುಕ್ಕರಗಾಲಿನಲ್ಲಿ ಕೂರಿ. ಕಳೆ ತೆಗೆಯುವಾಗ, ಡ್ರಿಪ್ ಪೈಪು ಸರಿ ಮಾಡುವಾಗ ಕೂರುವುದು ಹಾಗೆಯೇ. ಮಂಡಿಯ ಹಿಂದೆ ಅಂಚು ಒತ್ತಿದರೆ ಆ ಬೂಟು ವಾರದೊಳಗೆ ಕೊಟ್ಟಿಗೆಯ ಮೂಲೆ ಸೇರುತ್ತದೆ.

ಸೈಜಿನಲ್ಲಿ ಒಂದು ನಂಬರ್ ದೊಡ್ಡದು ತೆಗೆದುಕೊಳ್ಳಿ, ಒಳಗೆ ದಪ್ಪ ಹತ್ತಿ ಕಾಲುಚೀಲ ಹಾಕಿ. ಇದು ಆರಾಮಕ್ಕಷ್ಟೇ ಅಲ್ಲ. ಈ ಕಡೆಯ ನಾಲ್ಕು ಮುಖ್ಯ ವಿಷದ ಹಾವುಗಳಾದ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲದಲ್ಲಿ ಕೊಳಕುಮಂಡಲದ ಹಲ್ಲೇ ಉದ್ದ. ಪಿವಿಸಿಯನ್ನು ಹಲ್ಲು ದಾಟಿದರೂ ಬೂಟಿಗೂ ಕಾಲಿಗೂ ನಡುವೆ ಗಾಳಿಯ ಸಂದು, ಅದರ ಒಳಗೆ ಕಾಲುಚೀಲ ಇದ್ದರೆ ಚರ್ಮ ಮುಟ್ಟುವುದು ಕಷ್ಟ. ಕಾಲಿಗೆ ಅಂಟಿಕೊಂಡ ಬೂಟಿನಲ್ಲಿ ಆ ಸಂದು ಇರುವುದಿಲ್ಲ. ಪೂರ್ತಿ ರಕ್ಷಣೆ ಎಂದು ಯಾವ ಬೂಟಿನ ಬಗ್ಗೆಯೂ ಹೇಳಲಾಗದು. ಆದರೆ ಬರಿಗಾಲಿಗೂ ಇದಕ್ಕೂ ಇರುವ ಅಂತರ ಜೀವಕ್ಕೂ ಸಾವಿಗೂ ಇರುವ ಅಂತರವಾಗಬಹುದು.

ಇನ್ನು ನೀರಿನ ವಿಷಯ. ಇಲಿ ಜ್ವರದ ರೋಗಾಣು ಲೆಪ್ಟೊಸ್ಪೈರಾ, ಇಲಿ, ಹೆಗ್ಗಣ, ದನ, ನಾಯಿ, ಹಂದಿಗಳ ಉಚ್ಚೆಯಲ್ಲಿ ಹೊರಬರುತ್ತದೆ. ನಿಂತ ನೀರು, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಒಣಗಿದರೆ, ಬಿಸಿಲು ಬಿದ್ದರೆ ಸಾಯುತ್ತದೆ. ಕಾಲಿನ ಬಿರುಕು, ಗೀರುಗಾಯ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ ಇವೇ ಅದರ ಬಾಗಿಲು. ಅಡಿಕೆ ತೋಟದ ಬಸಿಗಾಲುವೆ, ಕೊಟ್ಟಿಗೆಯ ಗಂಜಲದ ಗುಂಡಿ, ಗದ್ದೆಯ ಕೆಸರು ಈ ಮೂರಕ್ಕೂ ತೂತಿಲ್ಲದ ಬೂಟು ಬೇಕು. ತೂತಿದ್ದರೆ ಬೂಟು ಇಲ್ಲದ್ದಕ್ಕಿಂತ ಕೆಟ್ಟದ್ದು: ಒಳಗೆ ಸೇರಿದ ನೀರು ಹೊರಗೆ ಹೋಗದೆ ಇಡೀ ದಿನ ಕಾಲನ್ನು ನೆನೆಸುತ್ತದೆ. ಆದ್ದರಿಂದ ಬಿಲ್ ಕೈಯಲ್ಲಿ ಇರುವಾಗಲೇ ಮನೆಯಲ್ಲಿ ಬೂಟಿಗೆ ಗಿಣ್ಣಿನವರೆಗೆ ನೀರು ತುಂಬಿ ಒಣ ಪೇಪರ್ ಮೇಲೆ ಹದಿನೈದು ನಿಮಿಷ ನಿಲ್ಲಿಸಿ. ಅಟ್ಟೆಯೂ ಮೇಲ್ಭಾಗವೂ ಸೇರುವ ಜಾಗದಲ್ಲಿ ಒದ್ದೆಯಾದರೆ ಅವತ್ತೇ ಬದಲಿಸಿಕೊಳ್ಳಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ, ಜಾಲಿ ಮುಳ್ಳು ಚುಚ್ಚಿದ ತೂತು ಕಣ್ಣಿಗೆ ಕಾಣುವುದಿಲ್ಲ. ತೂತಿಗೆ ಸೈಕಲ್ ಟ್ಯೂಬಿನ ಸೊಲ್ಯೂಷನ್ ಹಚ್ಚಿದರೆ ಪಿವಿಸಿಗೆ ಹಿಡಿಯುವುದಿಲ್ಲ, ಎರಡು ದಿನಕ್ಕೆ ಕಿತ್ತುಬರುತ್ತದೆ. ಪಿವಿಸಿಗೆಂದೇ ಇರುವ ಅಂಟು, ಅದೇ ಜಾತಿಯ ತುಂಡು ಬೇಕು. ಗಿಣ್ಣಿನ ಮಡಿಕೆಯಲ್ಲೇ ಬಿರುಕಾದರೆ ತೇಪೆ ನಿಲ್ಲದು, ಬಿಸಾಕಿ.

ಇಡುವ ರೀತಿಯೂ ಮುಖ್ಯ. ಬಿಸಿಲಿನಲ್ಲಿ ಒಣಗಿಸಿದರೆ ಪಿವಿಸಿ ಗಟ್ಟಿಯಾಗಿ ಒಡೆಯುತ್ತದೆ, ನೆರಳಿನಲ್ಲಿ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿ. ನೆಲದ ಮೇಲೆ ಬಾಯಿ ತೆರೆದು ಬಿಟ್ಟ ಬೂಟು ಚೇಳಿಗೆ ಸಿದ್ಧ ಬಿಲ. ಹಾಕುವ ಮುಂಚೆ ತಲೆಕೆಳಗು ಮಾಡಿ ಎರಡು ಸಲ ಕುಟ್ಟಿ, ದಿನಾಲೂ. ಕೆಂಪು ಚೇಳು ಕುಟುಕಿ ನೋವಿನ ಜೊತೆ ಮೈಯೆಲ್ಲ ಬೆವತು, ವಾಂತಿಯಾಗಿ, ಕೈಕಾಲು ತಣ್ಣಗಾಗತೊಡಗಿದರೆ ಹೃದಯಕ್ಕೆ ತೊಂದರೆ ಶುರುವಾಗಿದೆ ಎಂದರ್ಥ. ಮಕ್ಕಳಲ್ಲಿ ಇದು ಬಹಳ ಬೇಗ ಕೈಮೀರುತ್ತದೆ. ಇದಕ್ಕೆ ರಕ್ತದೊತ್ತಡ ಇಳಿಸುವ ಪ್ರಜೋಸಿನ್ ಮಾತ್ರೆ ಕೊಟ್ಟರೆ ಜೀವ ಉಳಿಯುತ್ತದೆ ಎಂದು ತೋರಿಸಿದವರು ಮಹಾರಾಷ್ಟ್ರದ ಮಹಾಡ್‌ನಲ್ಲಿ ಹಳ್ಳಿ ಜನಕ್ಕೆ ವೈದ್ಯ ಮಾಡಿದ ಡಾ. ಹಿಮ್ಮತರಾವ್ ಬಾವಸ್ಕರ್. ಮಾತ್ರೆ ಆಸ್ಪತ್ರೆಯಲ್ಲೇ ಆಗಬೇಕು, ರಕ್ತದೊತ್ತಡ ನೋಡಿಕೊಂಡು.

ಗಂಬೂಟಿನ ಎರಡು ದೊಡ್ಡ ಕೊರತೆ ಹೇಳಲೇಬೇಕು. ಒಂದು, ಹೆಣ್ಣುಮಕ್ಕಳ ಸೈಜು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇಡುವುದು ಗಂಡಸರ ಸೈಜು. ಕಳೆ ಕೀಳುವುದು, ಹುಲ್ಲು ಕೊಯ್ಯುವುದು, ಕೊಟ್ಟಿಗೆ ಕೆಲಸ ಹೆಚ್ಚಾಗಿ ಮಾಡುವುದು ಹೆಂಗಸರು. 4, 5 ನಂಬರ್ ಬೇಕೆಂದು ಕೇಳಿ, ತರಿಸಿಕೊಡಿ ಎಂದು ಹಟ ಹಿಡಿಯಿರಿ. ನಾಲ್ಕು ಜನ ಕೇಳಿದರೆ ಅಂಗಡಿಯವರು ತರಿಸುತ್ತಾರೆ. ಎರಡು, ನಾಟಿ ಗದ್ದೆ. ಆಳದ ಕೆಸರಿನಲ್ಲಿ ಬೂಟು ಹೂತು ಕಾಲು ಮಾತ್ರ ಹೊರಗೆ ಬರುತ್ತದೆ. ಅಲ್ಲಿ ಗಂಬೂಟು ನಡೆಯದು. ಕಾಲಿನ ಗಾಯಕ್ಕೆ ನೀರು ಹಿಡಿಯದ ಪಟ್ಟಿ ಹಾಕಿ ಇಳಿಯುವುದು, ಹತ್ತಿದ ಕೂಡಲೇ ಶುದ್ಧ ನೀರು ಸೋಪಿನಲ್ಲಿ ತೊಳೆದು ಒರೆಸುವುದು ಇಷ್ಟೇ ದಾರಿ. ಊರಿನಲ್ಲಿ ಇಲಿ ಜ್ವರ ಕಾಣಿಸಿದ್ದರೆ ನಾಟಿಯ ವಾರಗಳಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಎಂಬ ರೋಗಾಣು ಕೊಲ್ಲುವ ಮಾತ್ರೆ ಕೊಡುವ ಪದ್ಧತಿ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ, ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಅದು ಆಗದು.

ಕೈಗವಸಿನ ಬಗ್ಗೆ ನನ್ನ ಉತ್ಸಾಹ ಕಡಿಮೆ. ಹತ್ತಿ ಗವಸು ಹಲ್ಲನ್ನೂ ತಡೆಯದು, ನೀರನ್ನೂ ತಡೆಯದು. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಮೊಣಕೈವರೆಗಿನ ಚರ್ಮದ ಗವಸು ತೆಂಗಿನ ಮಟ್ಟೆ ರಾಶಿ, ಸೌದೆ ಎತ್ತುವಾಗ ಉಪಯೋಗಕ್ಕೆ ಬರುತ್ತದೆ. ಆದರೆ ಅದಕ್ಕಿಂತ ಒಳ್ಳೆಯದು ನಾಲ್ಕಡಿ ಕೋಲು: ರಾಗಿ ಹುಲ್ಲಿನ ಬಣವೆಯಿಂದ ಹುಲ್ಲು ಹಿರಿಯುವ ಮುಂಚೆ, ಬಿದ್ದ ಗರಿ ಎತ್ತುವ ಮುಂಚೆ ಕೋಲಿನಿಂದ ಹೊರಳಿಸಿ ನೋಡಿ. ದಪ್ಪ ರಬ್ಬರ್ ಗವಸು ಒಂದು ಜೊತೆ ಕೊಟ್ಟಿಗೆಗೇ ಮೀಸಲಿಡಿ. ಹಸು ಕಂದು ಹಾಕಿದಾಗ ಕರುವನ್ನಾಗಲಿ ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ, ದನ ಕಂದು ಹಾಕುವುದಕ್ಕೆ ಇದೇ ಲೆಪ್ಟೊಸ್ಪೈರಾ ಒಂದು ಕಾರಣ.

ಟಾರ್ಚು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಮೋಟಾರು ಹಾಕಲು ರಾತ್ರಿಯೇ ಹೋಗಬೇಕು, ಕೊಳಕುಮಂಡಲವೂ ಕಟ್ಟುಹಾವೂ ಓಡಾಡುವುದು ಹೆಚ್ಚಾಗಿ ರಾತ್ರಿಯೇ. ಮೊಬೈಲಿನ ಬೆಳಕು ಸಾಲದು, ಅದು ಕೈಯಳತೆಯಾಚೆ ಹರಡಿ ಮಂಕಾಗುತ್ತದೆ. ಹಣೆಗೆ ಕಟ್ಟುವ ಚಾರ್ಜಿಂಗ್ ಎಲ್‌ಇಡಿ ಟಾರ್ಚು ಎರಡೂ ಕೈಯನ್ನು ಬಿಡುವು ಮಾಡುತ್ತದೆ. ಆದರೆ ಬೆಳಕು ಕಣ್ಣಿನ ಎತ್ತರದಿಂದ ಬೀಳುವುದರಿಂದ ನೆಲದ ಮೇಲಿನ ವಸ್ತುವಿನ ನೆರಳು ಕಾಣದು, ಕೊಳಕುಮಂಡಲದ ಮೈಬಣ್ಣ ಒಣ ಎಲೆಯಲ್ಲಿ ಕರಗಿಹೋಗುತ್ತದೆ. ಸೊಂಟದ ಎತ್ತರದಲ್ಲಿ ಹಿಡಿದ ಕೈಟಾರ್ಚಿನ ಬೆಳಕು ಅಡ್ಡಡ್ಡ ಬಿದ್ದು ಉಬ್ಬುತಗ್ಗು ಎದ್ದು ಕಾಣುತ್ತದೆ. ನಡೆಯುವಾಗ ಕೈಟಾರ್ಚು, ಕೆಲಸ ಮಾಡುವಾಗ ಹಣೆಟಾರ್ಚು. ಎರಡರಲ್ಲಿ ಒಂದೇ ಎಂದರೆ ಕೈಟಾರ್ಚಿಗೇ ನನ್ನ ಓಟು. ಕೊಳ್ಳುವಾಗ ಬೆಳಕಿನ ಅಳತೆಯಾದ ಲುಮೆನ್ ಅಂಕಿ ನಂಬಬೇಡಿ, ಡಬ್ಬದ ಮೇಲೆ ಏನು ಬೇಕಾದರೂ ಬರೆದಿರುತ್ತದೆ. ಕತ್ತಲಲ್ಲಿ ಹತ್ತಡಿ ದೂರ ಒಣ ಎಲೆಯ ಮೇಲೆ ಹಗ್ಗದ ತುಂಡು ಹಾಕಿ, ಒಂದು ಗಂಟೆ ಉರಿಸಿದ ಮೇಲೂ ಅದು ಸ್ಪಷ್ಟವಾಗಿ ಕಂಡರೆ ಆ ಟಾರ್ಚು ಸರಿ.

ಸೊಳ್ಳೆಪರದೆಯನ್ನು ಯಾರೂ ಹಾವಿನ ಸಾಮಾನು ಎಂದು ಎಣಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಗಂಬೂಟಿನ ನಂತರದ ಜಾಗ ಅದಕ್ಕೆ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನು. ನೋವಿಲ್ಲ, ಊತವಿಲ್ಲ, ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ಕೊನೆಗೆ ಉಸಿರು ನಿಲ್ಲುವುದು. ಗ್ಯಾಸ್ ಎಂದು ಗುಳಿಗೆ ಕೊಟ್ಟು ಮಲಗಿಸಿದರೆ ಹೊತ್ತು ಮೀರುತ್ತದೆ. ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದ ಪರದೆ ಇದನ್ನು ತಡೆಯುತ್ತದೆ. ನೇಪಾಳದ ತೆರಾಯಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೂ ಪರದೆಯಲ್ಲಿ ಮಲಗುವವರಿಗೆ ಹಾವು ಕಡಿತ ಕಡಿಮೆ ಎಂದು ತೋರಿಸಿದೆ. ಕೊಬ್ಬರಿ ಕಾಯಲು ತೋಟದ ಮನೆಯಲ್ಲಿ ಮಲಗುವವರು ಪರದೆ ಜೊತೆಗೆ ಮಂಚವನ್ನೂ ಹಾಕಿಕೊಳ್ಳಲಿ. ಕೆಳಗೆ ನೇತಾಡುವ ಪರದೆ ಕೆಲಸಕ್ಕೆ ಬಾರದು.

ಇಲಿಬೋನು. ತಿಪಟೂರಿನ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂರುತ್ತದೆ, ಕೆಳಗೆ ರಾಗಿ ಚೀಲ, ಪಕ್ಕದಲ್ಲಿ ಹಿಂಡಿ ಬೂಸ. ಇಲಿಗೆ ಇದಕ್ಕಿಂತ ಏನು ಬೇಕು? ತಂತಿಯ ಬೋನು ಒಂದಲ್ಲ, ನಾಲ್ಕು ಕೊಳ್ಳಿ. ಗೋಡೆಗೆ ಒತ್ತಿ, ಬಾಯಿ ಗೋಡೆಯುದ್ದಕ್ಕೆ ತಿರುಗಿಸಿ ಇಡಿ, ಇಲಿ ಗೋಡೆ ಸವರಿಕೊಂಡೇ ಓಡುತ್ತದೆ. ಮೊದಲ ಎರಡು ರಾತ್ರಿ ಬಾಗಿಲು ಕಟ್ಟಿ ತೆರೆದಿಟ್ಟು ಸುಟ್ಟ ಕೊಬ್ಬರಿ ತಿನ್ನಲು ಬಿಡಿ, ಮೂರನೇ ರಾತ್ರಿ ಹೂಡಿ. ಬ್ರೊಮಡಿಯೋಲೋನ್ ಎಂಬ ಇಲಿ ವಿಷದ ಕೇಕು ಹಾಕಿದರೆ ಇಲಿ ಕೆಲವು ದಿನ ಬಿಟ್ಟು ಎಲ್ಲೋ ಸಾಯುತ್ತದೆ, ಮಕ್ಕಳಿಗೂ ನಾಯಿಗೂ ಸಿಗದ ಜಾಗದಲ್ಲಿ ಮಾತ್ರ ಇಡಬೇಕು. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತದೆ ಹೂಳಿ, ಬಿದ್ದ ಜಾಗಕ್ಕೆ ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಹಾಕಿ. ಒಣಗಿದ ಇಲಿ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸುವ ಮುಂಚೆಯೂ ಇದೇ ನೀರು ಚಿಮುಕಿಸಿ. ಕೇರೆಹಾವನ್ನು ಹೊಡೆಯಬೇಡಿ, ಯಾವ ಬೋನೂ ಅದರಷ್ಟು ಇಲಿ ಹಿಡಿಯುವುದಿಲ್ಲ.

ಈಗ ಕೊಳ್ಳಬಾರದ್ದು. ಆನ್‌ಲೈನಿನಲ್ಲಿ ‘ಹಾವು ಕಡಿತದ ಪ್ರಥಮ ಚಿಕಿತ್ಸೆ ಕಿಟ್’ ಎಂದು ಒಂದು ಹಳದಿ ಡಬ್ಬ ಮಾರುತ್ತಾರೆ: ವಿಷ ಹೀರುವ ಪಂಪು, ಬ್ಲೇಡು, ರಬ್ಬರ್ ಪಟ್ಟಿ. ಮೂರೂ ಹಾನಿ. ಹಲ್ಲು ಒಳಗೆ ಬಿಟ್ಟ ವಿಷ ಆಳದ ಮಾಂಸದಲ್ಲಿ ಹರಡಿರುತ್ತದೆ, ಪಂಪು ಎಳೆಯುವುದು ಮೇಲಿನ ರಕ್ತವನ್ನೇ ಹೊರತು ವಿಷವನ್ನಲ್ಲ, ಮೇಲಾಗಿ ಅಲ್ಲಿಯ ಚರ್ಮ ಸಾಯಬಹುದು. ಬ್ಲೇಡು ಇನ್ನೂ ಕೆಟ್ಟದ್ದು: ಮಂಡಲ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ, ಕೊಯ್ದ ಗಾಯದ ರಕ್ತ ನಿಲ್ಲುವುದೇ ಇಲ್ಲ. ಬಿಗಿದು ಕಟ್ಟಿದ ಪಟ್ಟಿ ಕಾಲನ್ನು ಕೊಳೆಸುತ್ತದೆ, ಬಿಚ್ಚಿದ ಕ್ಷಣ ಕಟ್ಟಿದ ಕಡೆ ನಿಂತಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗುತ್ತದೆ. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ಔಷಧ ಸಿದ್ಧವಿಟ್ಟುಕೊಂಡು ವೈದ್ಯರೇ ಬಿಚ್ಚಲಿ. ಸಂತೆಯಲ್ಲಿ ಮಾರುವ ಹಾವಿನ ಕಲ್ಲು, ತೋಟದ ಸುತ್ತ ಸುರಿಯುವ ಫಿನಾಯಿಲ್, ಗಂಧಕ, ನೆಲಕ್ಕೆ ನೆಡುವ ಶಬ್ದದ ಗೂಟ ಯಾವುದೂ ಹಾವನ್ನು ತಡೆಯುವುದಿಲ್ಲ. ಆ ದುಡ್ಡಿಗೆ ಮನೆಯಲ್ಲಿ ಇನ್ನೊಬ್ಬರಿಗೆ ಗಂಬೂಟು ಬರುತ್ತದೆ.

ಕಚ್ಚಿದರೆ ಬೇಕಾದ ಸಾಮಾನು ಮನೆಯಲ್ಲೇ ಇದೆ: ಒಂದು ಬಿದಿರಿನ ದಬ್ಬೆ ಅಥವಾ ಗರಿಯ ದಿಂಡು, ಎರಡು ಟವೆಲ್. ಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಸಡಿಲವಾಗಿ ಕಟ್ಟಿ, ಬೆರಳು ಒಳಗೆ ಹೋಗುವಷ್ಟು. ಕಾಲುಂಗುರ, ಗೆಜ್ಜೆ, ಬಳೆ, ಉಡಿದಾರ, ಗಡಿಯಾರ ತೆಗೆಯಿರಿ, ಊದಿಕೊಂಡ ಮೇಲೆ ತೆಗೆಯಲಾಗದು. ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ತೋಟದ ಹೆಸರಲ್ಲ, ಡಾಂಬರು ರಸ್ತೆಯ ಯಾವ ಗುರುತಿನ ಹತ್ತಿರ ನಿಂತಿರುತ್ತೀರಿ ಎಂದು ಹೇಳಿ. ಆಂಬುಲೆನ್ಸ್ ತಡ ಎಂದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಹೊರಡಿ. ಹಾವನ್ನು ಹುಡುಕಿ ಕೊಂದು ತರುವ ಅಗತ್ಯ ಇಲ್ಲ: ನಮ್ಮಲ್ಲಿ ಕೊಡುವ ಔಷಧ ನಾಲ್ಕೂ ಹಾವಿಗೆ ಒಂದೇ.

ಆ ಔಷಧವೇ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷ. ಇದನ್ನು ಕೊಡುವ ಆಸ್ಪತ್ರೆಯ ಸೇವೆಯನ್ನೂ ಮಳೆಗಾಲಕ್ಕೆ ಮುಂಚೆಯೇ ಪರೀಕ್ಷಿಸಬೇಕು. ಮನೆಯಿಂದ ಹತ್ತಿರದ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ತುಮಕೂರಿನ ಜಿಲ್ಲಾಸ್ಪತ್ರೆ ಎಷ್ಟೆಷ್ಟು ದೂರ ಎಂದು ಗೋಡೆಯ ಮೇಲೆ ಬರೆದಿಡಿ. ಹೋಗಿ ಮರ್ಯಾದೆಯಿಂದಲೇ ಕೇಳಿ: ಎಎಸ್‌ವಿ ಹತ್ತು ವಯಲ್ಲಾದರೂ (ಔಷಧದ ಸಣ್ಣ ಶೀಶೆ) ಸದಾ ಇರುತ್ತದಾ? ಮೊದಲ ಡೋಸೇ ಸಾಮಾನ್ಯವಾಗಿ ಹತ್ತು ವಯಲ್, ಮಕ್ಕಳಿಗೂ ದೊಡ್ಡವರಿಗೂ ಒಂದೇ, ಏಕೆಂದರೆ ಹಾವು ಬಿಡುವ ವಿಷ ಮೈತೂಕ ನೋಡಿ ಬಿಡುವುದಿಲ್ಲ. ಎರಡು ವಯಲ್ ಇಟ್ಟುಕೊಂಡ ಕೇಂದ್ರ ಇಲ್ಲದ ಹಾಗೆಯೇ. ರಾತ್ರಿ ವೈದ್ಯರು ಇರುತ್ತಾರಾ? ಅಡ್ರಿನಲಿನ್ ಇಂಜೆಕ್ಷನ್, ಉಸಿರು ಕೊಡುವ ಅಂಬು ಬ್ಯಾಗ್ ಇದೆಯಾ? ಎಎಸ್‌ವಿ ಕುದುರೆಯ ರಕ್ತದಿಂದ ಮಾಡಿದ್ದು, ಕೆಲವರಿಗೆ ಒಗ್ಗದೆ ಮೈ ತುರಿಸಿ, ಉಸಿರು ಕಟ್ಟಿ, ಬಿಪಿ ಇಳಿಯುತ್ತದೆ. ಆಗ ತೊಡೆಯ ಮಾಂಸಕ್ಕೆ ಅಡ್ರಿನಲಿನ್ ಕೊಟ್ಟರೆ ಸರಿಹೋಗುತ್ತದೆ. ಈ ಭಯಕ್ಕೆ ಔಷಧ ಕೊಡದೆ ಮುಂದಕ್ಕೆ ಕಳಿಸುವುದೇ ದೊಡ್ಡ ಅಪಾಯ. ವಿಷದ ಲಕ್ಷಣ ಇದ್ದರೆ ಮೊದಲ ಡೋಸು ಶುರು ಮಾಡಿಯೇ ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಇನ್ನೊಂದು ಪ್ರಶ್ನೆ ಸಣ್ಣದು, ಆದರೆ ಬಹಳ ಹೇಳುತ್ತದೆ: ಗಾಜಿನ ಟೆಸ್ಟ್ ಟ್ಯೂಬ್ ಇದೆಯಾ? ಮಂಡಲ ಹಾವಿನ ವಿಷ ಏರಿದೆಯೇ ಎಂದು ತಿಳಿಯಲು 2 ಮಿಲಿ ರಕ್ತವನ್ನು ಹೊಸ, ಒಣ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಎಎಸ್‌ವಿ ಬೇಕು. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪಿನಲ್ಲಿ ತೊಳೆದ ಟ್ಯೂಬಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದಿರಬಹುದು, ಫಲಿತಾಂಶ ತಪ್ಪುತ್ತದೆ. ಒಂದು ಸಲ ಸರಿ ಬಂದರೂ ಸಾಲದು, ಮೊದಲ ಕೆಲವು ಗಂಟೆ ಮತ್ತೆ ಮತ್ತೆ ಮಾಡಬೇಕು. ಏನೂ ಆಗಿಲ್ಲ ಎಂದು ಕಂಡರೂ 24 ಗಂಟೆ ನಿಗಾದಲ್ಲಿ ಇರಿ, ಒತ್ತಾಯ ಮಾಡಿ ಮನೆಗೆ ಬರಬೇಡಿ. ಫೆಬ್ರವರಿ 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ, ಖಾಸಗಿ ಆಸ್ಪತ್ರೆಗೂ ಇದು ಅನ್ವಯ. ಪ್ರಕರಣ ದಾಖಲಾಗಲಿ ಎಂದು ಕೇಳುವ ಹಕ್ಕು ನಿಮಗಿದೆ.

ಇಲಿ ಜ್ವರಕ್ಕೆ ಆಸ್ಪತ್ರೆಯಿಂದ ಬೇಕಾದದ್ದು ಬೇರೆ. ಕೆಸರಿಗೆ ಇಳಿದ ಐದರಿಂದ ಹದಿನಾಲ್ಕು ದಿನದೊಳಗೆ ಸಾಮಾನ್ಯವಾಗಿ ಜ್ವರ ಬರುತ್ತದೆ. ಜ್ವರದ ಜೊತೆ ಮೀನಖಂಡ ಮುಟ್ಟಿದರೆ ನೋವು, ಕೀವಿಲ್ಲದೆ ಕಣ್ಣು ಕೆಂಪು ಇದ್ದರೆ ‘ಗದ್ದೆ ಕೆಲಸ ಮಾಡಿದ್ದೆ, ಕೊಟ್ಟಿಗೆ ತೊಳೆದಿದ್ದೆ’ ಎಂದು ನೀವೇ ಬಾಯಿಬಿಟ್ಟು ಹೇಳಿ, ಕೇಳದಿದ್ದರೂ ಹೇಳಿ. ಮೊದಲ ವಾರ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ಅದಕ್ಕೇ ವೈದ್ಯರು ಅನುಮಾನದ ಮೇಲೆಯೇ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರಾಟ ಕಷ್ಟವಾದರೆ ಅವತ್ತೇ ದೊಡ್ಡಾಸ್ಪತ್ರೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚಿಸಿಕೊಳ್ಳುತ್ತ ವಾರ ಕಳೆಯಬೇಡಿ, ಮೊದಲೇ ಸೋಲುತ್ತಿರುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು.

ಎಎಸ್‌ವಿ ಪಡೆದು ಮನೆಗೆ ಬಂದವರು ಡಿಸ್ಚಾರ್ಜ್ ಚೀಟಿಯನ್ನು ಜೋಪಾನ ಮಾಡಿ, ಎಷ್ಟು ವಯಲ್ ಕೊಟ್ಟರು ಎಂದು ಅದರಲ್ಲಿ ಬರೆಸಿಕೊಳ್ಳಿ. ಒಂದೆರಡು ವಾರ ಬಿಟ್ಟು ಜ್ವರ, ಕೀಲುನೋವು, ಮೈಮೇಲೆ ದದ್ದು ಬಂದರೆ ಅದು ಔಷಧಕ್ಕೆ ಮೈ ತೋರುವ ತಡವಾದ ಪ್ರತಿಕ್ರಿಯೆ. ಚೀಟಿ ತೋರಿಸಿದರೆ ಸುಲಭದ ಚಿಕಿತ್ಸೆಯಲ್ಲೇ ವಾಸಿಯಾಗುತ್ತದೆ.